9973ಕ್ಕೆ ಪಣವಿಟ್ಟ ಮೀಸೆ

ಪ್ರಜ್ಞಾ, ಆನಂದ, ಇಬ್ಬರೂ ಜೊತೆಗೆ ಕೂತು ಓದಿರಿ. ಒಬ್ಬರು ಓದಿ ಇನ್ನೊಬ್ಬರಿಗೆ ಹೇಳುವುದು ಬೇಡ. ಆನಂದ ಹೇಳಿದರೆ ಅರ್ಧ ಅವನದೇ ಸೇರಿರುತ್ತದೆ. ಈ ಬೇಸಿಗೆಯಲ್ಲಿ ನಮ್ಮ ರಾಯಚೂರಿನ ಮನೆಯಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ, ನೀವೇ ಇದ್ದಿರಿ. ಆದರೆ ನೀವು ಕಂಡದ್ದು ಸ್ವಲ್ಪ. ಉಳಿದದ್ದನ್ನು ನಿಮ್ಮ ಎದುರು ಹೇಳಲು ನನಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಎಂಥ ನಾಚಿಕೆ ಅಂತೀರಿ. ನನ್ನ ನಾಚಿಕೆಯೂ ನನ್ನ ಜೊತೆಗೇ ಮುದುಕಿಯಾಗಿದೆ, ಸತ್ತಿಲ್ಲ. ಕಾಗದದ ಮುಂದೆ ಮಾತ್ರ ತಲೆಯ ಮೇಲಿನ ಸೆರಗು ಸ್ವಲ್ಪ ಸರಿಸುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಶುರುವಾದದ್ದು ಕೂಲರಿನಿಂದ. ನಮ್ಮ ಕೂಲರಿನ ಸ್ಟ್ಯಾಂಡಿಗೆ ಒಂದು ಕಾಲು ಗಿಡ್ಡ. ಅಲುಗಾಡದಿರಲೆಂದು ಆ ಕಾಲಿನ ಕೆಳಗೆ ಒಂದು ತಗಡು ಇಟ್ಟಿದ್ದೆ. ದೇವದುರ್ಗದಿಂದ ರಜಕ್ಕೆ ಬಂದ ಆನಂದ ಕೂಲರಿಗೆ ನೀರು ಹಾಕುತ್ತೇನೆಂದು ಹೋಗಿ ಸ್ಟ್ಯಾಂಡನ್ನೇ ಜಗ್ಗಿದ. ಅರ್ಧ ಕೊಡ ನೀರು ನೆಲಕ್ಕೆ ಬಿತ್ತು, ತಗಡು ಹೊರಗೆ ಬಂತು. ಒರೆಸಿ ನೋಡಿದರೆ ಗಾಡಿಯ ನಂಬರ್ ಪ್ಲೇಟು. ಮೇಲಿನ ಅಕ್ಷರಗಳ ಬಣ್ಣ ಉದುರಿಹೋಗಿತ್ತು. ಕೆಳಗಿನ ನಾಲ್ಕು ಅಂಕಿ ಮಾತ್ರ ನಿಚ್ಚಳವಾಗಿದ್ದವು: 9973.

“ಅಜ್ಜಿ, ಯಾರ ಗಾಡೀದು ಇದು?”

“ನಿಮ್ಮ ತಾತಂದು. ಮೊಪೆಡ್ಡಿಂದು. ಕೆಳಗಿಡೋ, ಕೈ ಕೊಯ್ದೀತು.”

“ಗಾಡಿ ಗುಜರಿಗೆ ಹಾಕಿದ್ರಿ ಅಂತ ಅವ್ವ ಹೇಳಿದ್ಲು. ಇದನ್ನ ಯಾಕ ಬಿಟ್ರಿ?”

“ಗಾಡಿ ಹಾಕೀವಿ. ನಂಬರ್ ಹಾಕಿಲ್ಲ. ಅದು ಅಂತಿಂಥ ನಂಬರಲ್ಲಲೇ. ಯಾವ ಮಗ್ಗಿಗೂ ಬಗ್ಗಂಗಿಲ್ಲ ಅದು!”

ಅಷ್ಟು ದೊಡ್ಡ ನಂಬರನ್ನು ಕೂಲರಿನ ಕಾಲಡಿಗೆ ಯಾಕೆ ಇಟ್ಟಿದ್ದೆ ಎಂದು ಆನಂದ ನಕ್ಕ. ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ನಾನು ಮರೆಯುತ್ತೇನೆ. ಕೆಲಸಕ್ಕೆ ಹಚ್ಚಿದ್ದು ದಿನಾ ಕಣ್ಣಿಗೆ ಬೀಳುತ್ತದೆ, ಕಸ ಗುಡಿಸುವಾಗ ಕೈಗೂ ತಾಗುತ್ತದೆ. ಅಷ್ಟೇ ವಿಷಯ.

ಪ್ರಜ್ಞಾ, ನೀನು ನಿನ್ನ ಬಿ.ಎಸ್ಸಿ. ಪುಸ್ತಕದಿಂದ ತಲೆ ಎತ್ತಿದೆ. ನನ್ನ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುವ ನೀನು ಎರಡು ವರ್ಷದಿಂದ ನನ್ನ ಬಾಯಲ್ಲಿ ಸಾರಿಗೆ ಉಪ್ಪು ಎಷ್ಟು, ಹಾಲು ಉಕ್ಕಿತು ಎನ್ನುವುದನ್ನು ಬಿಟ್ಟು ಇಂಥ ಮಾತು ಕೇಳಿರಲಿಲ್ಲ. “ಬಗ್ಗಂಗಿಲ್ಲ ಅಂದ್ರ? ಅವಿಭಾಜ್ಯ ಸಂಖ್ಯೆ ಅಂತೀಯೇನಜ್ಜಿ?” ಎಂದು ಕೇಳಿದೆ. ಆ ಹೆಸರು ನನಗೆ ಗೊತ್ತಿರಲಿಲ್ಲ. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ಎಂದು ನೀನು ಹೇಳಿದಾಗ, ಅಯ್ಯೋ, ನಮ್ಮದು ಅದೇ ಅಲ್ಲವೇ ಅನ್ನಿಸಿತು. ನಮ್ಮ ಮನೆಯ ಗುಟ್ಟಿಗೆ ಲೋಕದಲ್ಲಿ ಒಂದು ಹೆಸರೂ ಇದೆ!

ಇಲ್ಲಿ ಸ್ವಲ್ಪ ನಿಲ್ಲಿಸಿ ನೀವು ಕಾಣದ ಕಾಲಕ್ಕೆ ಹೋಗುತ್ತೇನೆ.

ಗಬ್ಬೂರಿನ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದವಳು. ಶಾಲೆಯೆಂದರೆ ಒಂದು ಉದ್ದನೆಯ ಕೋಣೆ. ಅದರ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮಗ್ಗಿಗಳನ್ನು ಬರೆಸಿದ್ದರು. ಒಂದರಿಂದ ಶುರುವಾಗಿ ಇಪ್ಪತ್ತಕ್ಕೆ ಗೋಡೆ ಮುಗಿದು ಕಿಟಕಿ ಬರುತ್ತಿತ್ತು. ಕಿಟಕಿಯ ಆಚೆ ಬೇವಿನ ಮರ, ಅದಕ್ಕೆ ಕಟ್ಟಿದ ಯಾರದೋ ಆಡು. ಹೀಗಾಗಿ ನನ್ನ ತಲೆಯಲ್ಲಿ ಇಪ್ಪತ್ತರ ನಂತರ ಬರುವುದು ಆಡು. ನಮ್ಮ ಮಾಸ್ತರು ಬೇರೆ ಹೇಳುತ್ತಿದ್ದರು: “ಇಪ್ಪತ್ತರ ತನಕ ಬಂದ್ರ ಮುಗೀತು. ಅದರಾಚಿಗೆ ಇರೋವೆಲ್ಲ ಇವುಗಳ ಮಕ್ಕಳು ಮರಿ.” ಮಾಸ್ತರು ಹೇಳಿದ್ದನ್ನು ಮತ್ತೆ ಕೇಳುವ ಹುಡುಗಿ ನಾನಾಗಿರಲಿಲ್ಲ. ಮಗ್ಗಿಯನ್ನು ಮಾತ್ರ ಕಿಟಕಿಯ ತನಕ ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ.

ಮದುವೆಯಾಗಿ ಮಾನ್ವಿಗೆ ಬಂದೆ. ನಿಮ್ಮ ತಾತ ಅಲ್ಲಿ ಅಕ್ಕಿ ಮಿಲ್ಲಿನಲ್ಲಿ ಭತ್ತದ ಚೀಲ ತೂಗುವ ಕೆಲಸದಲ್ಲಿದ್ದರು. ಎರಡು ಕೋಣೆಯ ಮನೆ, ಹೊಸ್ತಿಲಿಗೆ ಒರಗಿ ಕೂತ ನಮ್ಮತ್ತೆ, ಪಡಸಾಲೆಯಲ್ಲಿ ಮಾವ. ಆಗಿನ ಪದ್ಧತಿ ನಿಮಗೆ ನಗು ತರಿಸೀತು: ಹೊಸ ಸೊಸೆ ಹಿರಿಯರ ಎದುರು ಗಂಡನ ಜೊತೆ ಮಾತಾಡುವ ಹಾಗಿಲ್ಲ. ನೀರು ಬೇಕೋ ಎಂದು ಕೇಳುವುದಿದ್ದರೂ ಗೋಡೆಗೋ ಬಾಗಿಲಿಗೋ ಕೇಳಬೇಕು. ನನ್ನಂಥ ನಾಚಿಕೆಯವಳಿಗೆ ಅದು ಅನುಕೂಲವೇ ಆಯಿತು ಅನ್ನಿ. ಅವರೂ ಮಾತು ಕಡಿಮೆಯವರು. ನಮ್ಮ ಮದುವೆ ಮಾತಿಲ್ಲದೆ ಮುಂದೆ ಹೋಗುತ್ತಿತ್ತು.

ನನ್ನ ನಾದಿನಿ ಶಾಂತಿ ಆಗ ಎರಡನೆಯ ತರಗತಿ. ಕಲಿತ ಸೊಸೆ ಬಂದಿದ್ದಾಳೆ, ಈ ಹುಡುಗಿಗೆ ಮಗ್ಗಿ ಕಲಿಸಲಿ ಎಂದು ಅತ್ತೆ ಅಪ್ಪಣೆ ಮಾಡಿದರು. ಸಂಜೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಹೇಳುವುದು, ಅವಳು ಪಕ್ಕದಲ್ಲಿ ಕೂತು ಅನ್ನುವುದು. ಅವರು ಮಿಲ್ಲಿನಿಂದ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ತಟ್ಟೆಯಿಂದ ಕಣ್ಣೆತ್ತದೆ ತಂಗಿಗೆ ಹೇಳಿದರು:

“ಶಾಂತಿ, ಮುನ್ನೂರಾ ಇಪ್ಪತ್ಮೂರು ಯಾವ ಮಗ್ಗಿಯಾಗ ಬರ್ತದ ಕೇಳು ನಿಮ್ಮ ಅತ್ತಿಗಿಗಿ.”

ನನ್ನ ಕೈಯಲ್ಲಿದ್ದ ರೊಟ್ಟಿ ನಿಂತಿತು. ಮದುವೆಯಾದ ಮೇಲೆ ಹಿರಿಯರ ಎದುರು ಅವರು ನನ್ನನ್ನು ಕೇಳಿದ ಮೊದಲ ಮಾತು ಅದು. ನಾನು ಒಳಗೊಳಗೇ ಎರಡರಿಂದ ಹತ್ತಿದೆ. ಏಳು ಆಗಲಿಲ್ಲ, ಹನ್ನೊಂದು ಆಗಲಿಲ್ಲ, ಹದಿಮೂರು ಆಗಲಿಲ್ಲ. ಹದಿನೇಳು ಹತ್ತೊಂಬತ್ತಲೆ! ಅವರಿಗೆ ಹೇಳುವ ಹಾಗಿಲ್ಲವಲ್ಲ. ಶಾಂತಿಯ ಕಡೆ ತಿರುಗಿ, “ಹದಿನೇಳರ ಮಗ್ಗಿ ಅನ್ನವ್ವ” ಎಂದೆ. ಆ ಕೂಸು ರಾಗವಾಗಿ ಶುರು ಮಾಡಿತು. ಅವರು ತಟ್ಟೆಯ ಕಡೆ ನೋಡಿಕೊಂಡೇ ನಕ್ಕರು. ಆ ಹೊತ್ತು ಎರಡು ರೊಟ್ಟಿ ಹೆಚ್ಚು ಉಂಡರು.

ಆಮೇಲೆ ದಿನಾ ಒಂದು ಸಂಖ್ಯೆ. ಹೆಂಡತಿಗೆ ಹೂವು ತರುವವರು ಹೂವು ತರುತ್ತಿದ್ದರು. ನಿಮ್ಮ ತಾತ ಮಿಲ್ಲಿಗೆ ಬಂದ ಲಾರಿಗಳ ನಂಬರ್ ತರುತ್ತಿದ್ದರು. ಯಾವ ಮಗ್ಗಿಯಲ್ಲಿ ಬರುತ್ತದೋ ಆ ಮಗ್ಗಿಯನ್ನು ನಾನು ಶಾಂತಿಯಿಂದ ಹೇಳಿಸಬೇಕು. ಇಪ್ಪತ್ತರ ತನಕ ಯಾವುದಕ್ಕೂ ಬಗ್ಗದಿದ್ದರೆ “ಒಂದರ ಮಗ್ಗಿ ಅನ್ನವ್ವ” ಎನ್ನುತ್ತಿದ್ದೆ. ಅಂಥ ದಿನ ಅವರ ಖುಷಿ ನೋಡಬೇಕಿತ್ತು. ಅತ್ತೆಗೆ ಮಾತ್ರ ಸಮಾಧಾನವಿಲ್ಲ. “ಎರಡ್ನೇತ್ತಿ ಓದೋ ಹುಡಿಗಿಗೆ ಇನ್ನಾ ಒಂದರ ಮಗ್ಗೀನೇ ಕಲಿಸಾಕತ್ತೀಯಲ್ಲ, ಏನ್ ಕಲ್ತಿ ಬೇ ನೀನು ಏಳ್ನೇತ್ತಿ ತನಕ?” ಎಂದು ಬಯ್ಯುತ್ತಿದ್ದರು. ನಾನು ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದೆ. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಸೊಸೆ ಮಾನ್ವಿಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ತವರಿಗೆ ಹೋಗುವಾಗ ಬಸ್ಸಿನಲ್ಲೂ ಇದೇ. ಮಾನ್ವಿಯಿಂದ ರಾಯಚೂರಿಗೆ ಬಂದು, ಇಲ್ಲಿ ಬಸ್ಸು ಬದಲಿಸಿ ಗಬ್ಬೂರಿಗೆ. ನಾನು ಹೆಂಗಸರ ಸೀಟಿನಲ್ಲಿ, ಅವರು ಕಂಬಿ ಹಿಡಿದು ನಿಂತು. ಒಮ್ಮೆ ಅವರು ಬಗ್ಗಿ “ಆರನೂರಾ ಮೂವತ್ತೇಳು” ಎಂದರು. ನಾನು “ಏಳು” ಎಂದೆ. ಕಂಡಕ್ಟರು ತಿರುಗಿ, “ಏಳಬ್ಯಾಡ್ರಿ ಯವ್ವಾ, ಗಬ್ಬೂರು ಇನ್ನಾ ದೂರದ, ಕುಂದರ್ರಿ” ಎಂದ. ಅವರು ಗಬ್ಬೂರಿನ ತನಕ ನಕ್ಕರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಈಗ ಮೊಪೆಡ್ಡು. ನಿಮ್ಮ ಅವ್ವ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಕೊಂಡದ್ದು. ಆ ಹೊತ್ತಿಗೆ ಮನೆಯಲ್ಲಿ ನಾವು ಮಾತಾಡಬಹುದಿತ್ತು. ಆದರೂ ಆಟ ಬಿಟ್ಟಿರಲಿಲ್ಲ. ನಂಬರ್ ಬರೆಸಿಕೊಂಡು ಬಂದು ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿದರು. ನಾನು ಆರತಿ ತಟ್ಟೆ ಹಿಡಿದು ಹೊರಗೆ ಬಂದೆ. ಕುಂಕುಮ ಹಚ್ಚುವುದಕ್ಕೂ ಬಿಡಲಿಲ್ಲ. “ಮೊದಲು ಇದರ ಮಗ್ಗಿ ಹೇಳು” ಎಂದರು. ನಾಲ್ಕು ಅಂಕಿಯ ಇಷ್ಟು ದೊಡ್ಡದನ್ನು ನಾನು ಎಂದೂ ನೋಡಿರಲಿಲ್ಲ. ಆರತಿಯ ದೀಪ ಆರಿಹೋಯಿತು, ನಾನಿನ್ನೂ ಹದಿಮೂರರಲ್ಲಿದ್ದೆ. ಹತ್ತೊಂಬತ್ತೂ ಮುಗಿದ ಮೇಲೆ ಹೇಳಿದೆ: “ಒಂದರ ಮಗ್ಗೀನೇ ರೀ.”

ಅವರು ಆ ಗಾಡಿಯನ್ನು ಊರೆಲ್ಲ ಸುತ್ತಿಸಿದರು. ಮಿಲ್ಲಿನಲ್ಲಿ ಮುನೀಮ ಶರಣಪ್ಪನವರು ನಂಬರಿನ ಅಂಕಿಗಳನ್ನೆಲ್ಲ ಕೂಡಿಸಿ, “ಕೊನಿಗೆ ಒಂದು ಬರ್ತದ, ಛಲೋ ನಂಬರ್” ಎಂದರಂತೆ. ಗಾಡಿ ಕೊಳ್ಳುವವರೆಲ್ಲ ಹಾಗೆ ಕೂಡಿಸಿಯೇ ನೋಡುತ್ತಾರೆ, ಎಂಟು ಬಂದರೆ ಹೆದರುತ್ತಾರೆ. ನಿಮ್ಮ ತಾತ, “ಕೂಡಸೂದಲ್ಲ ದೊಡ್ಡದು, ಭಾಗ ಮಾಡ್ರಿ ನೋಡಾಮು. ಯಾರರ ಶೇಷ ಇಲ್ದಂಗ ಭಾಗ ಮಾಡಿದ್ರ ಈ ಮೀಸಿ ಬೋಳಸ್ತೀನಿ” ಅಂದುಬಿಟ್ಟರಂತೆ. ಹಮಾಲರು, ಲಾರಿಯವರು ಎಲ್ಲರೂ ಇದ್ದರಂತೆ. ಮನೆಗೆ ಬಂದು ಇದನ್ನು ಹೇಳಿದಾಗ ನಾನು ಬಯ್ದೆ. ಆ ಮೀಸೆಯನ್ನು ನೀವು ಫೋಟೋದಲ್ಲಿ ನೋಡಿದ್ದೀರಿ. ಮುಖಕ್ಕಿಂತ ಅದೇ ಮೊದಲು ಕಾಣುತ್ತದೆ. ಎಷ್ಟೋ ಜನ ಭಾಗಿಸಿ ನೋಡಿದರು, ಯಾರಿಂದಲೂ ಆಗಲಿಲ್ಲ. ಅವರು ಹೋಗುವಾಗಲೂ ಮೀಸೆ ಇತ್ತು.

ಇಷ್ಟು ನನ್ನ ಮನಸ್ಸಿನಲ್ಲಿತ್ತು, ಪ್ರಜ್ಞಾ. ನಿಮಗೆ ಮೀಸೆಯ ಪಣದ ಕಥೆಯೊಂದನ್ನೇ ಹೇಳಿದ್ದೆ. ಆಗ ನೀನು ಕೇಳಿದೆ: “ಭಾಗ ಹೋಗಂಗಿಲ್ಲ ಅಂತ ಹೆಂಗ್ ಗೊತ್ತಾತಜ್ಜಿ?”

“ಇಪ್ಪತ್ತರ ತನಕ ಎಲ್ಲಾ ಮಗ್ಗಿ ನೋಡೀನಿ.”

“ಇಪ್ಪತ್ತರ ತನಕ ಅಷ್ಟೇನಾ?” ನಿನ್ನ ಮುಖದಲ್ಲಿ ನಗು ಬಂದದ್ದು ನನಗೆ ಕಂಡಿತು. “ಅಜ್ಜಿ, ಐನೂರಾ ಇಪ್ಪತ್ತೊಂಬತ್ತು ನೋಡು.”

ನಾವು ಮೂವರೂ ಚಟ್ನಿಪುಡಿಗೆಂದು ಶೇಂಗಾ ಸುಲಿಯುತ್ತ ಕೂತಿದ್ದೆವು. ನಾನು ಸುಲಿಯುತ್ತಲೇ ನೋಡಿದೆ. ಬೆಸ ಸಂಖ್ಯೆ, ಎರಡು ಹೋಯಿತು. ಅಂಕಿ ಕೂಡಿಸಿದರೆ ಹದಿನಾರು, ಮೂರು ಹೋಯಿತು. ಏಳಕ್ಕೆ ನಾಲ್ಕು ಉಳಿಯುತ್ತದೆ, ಹನ್ನೊಂದಕ್ಕೆ ಒಂದು. ಹದಿಮೂರು, ಹದಿನೇಳು, ಹತ್ತೊಂಬತ್ತು, ಯಾವುದಕ್ಕೂ ಇಲ್ಲ. “ಒಂದರ ಮಗ್ಗಿ!” ಎಂದೆ ಹೆಮ್ಮೆಯಿಂದ.

“ಇಪ್ಪತ್ಮೂರು ಇಪ್ಪತ್ಮೂರ್ಲೆ ಎಷ್ಟಜ್ಜಿ?”

ಮಾಡಿ ನೋಡಿದೆ. ಐನೂರಾ ಇಪ್ಪತ್ತೊಂಬತ್ತು.

ನನ್ನ ಕೈಯಿಂದ ಶೇಂಗಾ ಬಿತ್ತು. ಇಷ್ಟು ವರ್ಷ ಒಲೆಯ ಮುಂದೆ, ಬಸ್ಸಿನಲ್ಲಿ, ಅಂಗಳದಲ್ಲಿ ಒಂದರ ಮಗ್ಗಿ ಎಂದು ಹೇಳಿದ್ದೆಲ್ಲ ಈಗ ಅನುಮಾನ. ಬೇರೆಯವು ಹೋಗಲಿ, ಅವೆಲ್ಲ ಲಾರಿಯವರ ನಂಬರು. ಆದರೆ 9973? ನಾನು ಹೇಳಿದ್ದನ್ನು ನಂಬಿ ಅಷ್ಟು ಜನರ ಮುಂದೆ ಅವರು ಮೀಸೆ ಇಟ್ಟಿದ್ದರು. ಮಿಲ್ಲಿನವರು ಭಾಗ ಮಾಡಲಿಲ್ಲ ಸರಿ, ಅವರು ಕಲಿತದ್ದೂ ಇಪ್ಪತ್ತರ ಮಗ್ಗಿಯವರೆಗೇ. ನಂಬರು ಇಪ್ಪತ್ತಮೂರಕ್ಕೋ ನಲವತ್ತೊಂದಕ್ಕೋ ಬಗ್ಗಿಬಿಟ್ಟರೆ ಸತ್ತವರ ಮೀಸೆ ಬೋಳಿಸಿದ ಹಾಗೆ. ಬೋಳಿಸಿದವಳು ನಾನು.

ಆನಂದ ಮೊಬೈಲು ತೆಗೆದ. “ಒಂದ್ ಸೆಕೆಂಡಜ್ಜಿ, ಈಗ ಹೇಳ್ತದ.”

“ಇಡೋ ಕೆಳಗ! ಮುಟ್ಟಿದ್ರ ಇವತ್ತು ನಿನಗ ಮಾವಿನ ಸೀಕರಣಿ ಇಲ್ಲ ನೋಡು!” ನನ್ನ ದನಿ ಅಷ್ಟು ಏರುತ್ತದೆಂದು ನನಗೇ ಗೊತ್ತಿರಲಿಲ್ಲ. ಮೊಬೈಲು ಕಸಿದುಕೊಂಡು ತೊಡೆಯ ಕೆಳಗೆ ಇಟ್ಟು ಕೂತೆ. “ಹೇಳಿದಾಕಿ ನಾನು. ನೋಡಾಕಿನೂ ನಾನೇ.”

ಆದರೆ ಎಲ್ಲಿಯ ತನಕ ನೋಡುವುದು? ಇಪ್ಪತ್ತರ ಆಚೆ ಒಂಬತ್ತು ಸಾವಿರದ ಒಂಬೈನೂರು ಮಗ್ಗಿಗಳಿವೆಯಲ್ಲ! ಪ್ರಜ್ಞಾ, ಆಗ ನೀನು ಚಾಪೆಯ ಮೇಲೆ ಶೇಂಗಾ ಕಾಳು ಜೋಡಿಸಿದೆ ನೋಡು, ಅದು ನಾನು ಕಂಡ ಪಾಠಗಳಲ್ಲೆಲ್ಲ ಚೆಂದದ ಪಾಠ. ಮೂವತ್ತಾರು ಕಾಳು. ಎರಡು ಸಾಲು ಮಾಡಿದರೆ ಸಾಲಿಗೆ ಹದಿನೆಂಟು. ಮೂರು ಸಾಲಿಗೆ ಹನ್ನೆರಡು, ನಾಲ್ಕಕ್ಕೆ ಒಂಬತ್ತು, ಆರಕ್ಕೆ ಆರು. ಮುಂದೆ ಒಂಬತ್ತು ಸಾಲು ಮಾಡಹೊರಟೆ. ನಾನು ನಿನ್ನ ಕೈ ಹಿಡಿದೆ. “ತಡಿ ತಡಿ, ಇದು ಆಗಲೇ ಬಂದದ್ದ! ನಾಕು ಸಾಲಿನ್ಯಾಗಿಂದೇ ಅಡ್ಡ ಮಲಗಿಸೀದಿ ಅಷ್ಟ!”

“ಅದನ್ನೇ ಹೇಳಾಕತ್ತೀನಿ ಅಜ್ಜಿ. ಒಂದು ಕಡಿ ಉದ್ದಾದ್ರ ಇನ್ನೊಂದು ಕಡಿ ಗಿಡ್ಡಾಗಬೇಕು. ಚೌಕದ ತನಕ ನೋಡಿದ್ರ ಸಾಕು.”

ನೂರು ನೂರಲೆ ಹತ್ತು ಸಾವಿರ. ನಮ್ಮ ಸಂಖ್ಯೆ ಅದಕ್ಕಿಂತ ಒಂದಿಷ್ಟು ಕಡಿಮೆ. ಅಂದರೆ ನೂರರ ಒಳಗೆ ಯಾವುದಕ್ಕೂ ಬಗ್ಗದಿದ್ದರೆ ಇನ್ನು ಯಾವುದಕ್ಕೂ ಬಗ್ಗುವುದಿಲ್ಲ! ಅದರಲ್ಲೂ ಇಪ್ಪತ್ತೊಂದು ಬೇಡ. ಮೂರಕ್ಕೆ ಬಗ್ಗದ್ದು ಮೂರು ಏಳಲೆ ಇಪ್ಪತ್ತೊಂದಕ್ಕೆ ಎಲ್ಲಿಂದ ಬಗ್ಗೀತು? ಇಪ್ಪತ್ತೈದು ಬೇಡ, ಇಪ್ಪತ್ತೇಳು ಬೇಡ. ಬರೀ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಇಪ್ಪತ್ತಮೂರರಿಂದ ತೊಂಬತ್ತೇಳರ ತನಕ ಹದಿನೇಳೇ ಹದಿನೇಳು. ನಮ್ಮ ಮಾಸ್ತರ ಮಾತಿನಲ್ಲಿ ಅರ್ಧ ನಿಜ ಇತ್ತು. ಆಚೆಯವುಗಳಲ್ಲಿ ಮಕ್ಕಳು ಮರಿಯೇ ಬಹಳ. ನಡುನಡುವೆ ಯಾರ ಮಕ್ಕಳೂ ಅಲ್ಲದವು ನಿಂತಿವೆ ಎನ್ನುವುದನ್ನು ಅವರು ಹೇಳಲಿಲ್ಲ.

ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಬಿಳಿಯಾಗಿರುತ್ತದೆ. ಅವನ್ನು ತೆಗೆದುಕೊಂಡು ಕೂತೆ. ಇಪ್ಪತ್ತಮೂರಕ್ಕೆ ಹದಿನಾಲ್ಕು ಉಳಿಯಿತು. ಒಂದು ಗಂಡಾಂತರ ಕಳೆಯಿತು. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತಾರು ಉಳಿಯಿತು. ಮೂವತ್ತೊಂದು, ಮೂವತ್ತೇಳು, ಅವೂ ಹೋದವು. ನಡುವೆ ನಳ ಬಂತು, ನೀರು ಹಿಡಿಯುತ್ತ ನಲವತ್ತೊಂದನ್ನು ಬಾಯಲ್ಲೇ ಮಾಡಿದೆ, ಕಾಗದಕ್ಕೆ ಆಮೇಲೆ ಇಳಿಸಿದೆ. ಹತ್ತು ಉಳಿಯಿತು. ಪಕ್ಕದ ಮನೆಯ ಮಾಬವ್ವ ಕೊಡ ಹಿಡಿದು ನಿಂತಿದ್ದಳು. ನಾನು ಒಬ್ಬಳೇ ಮಾತಾಡುವುದನ್ನು ನೋಡಿ ಬಿಸಿಲು ತಲೆಗೆ ಏರಿದೆ ಎಂದುಕೊಂಡಳು. ಆನಂದ ಕಥೆಯೆಲ್ಲ ಹೇಳಿದ. ಆಮೇಲೆ ಅವಳಿಗೆ ಮನೆಯಲ್ಲಿ ಕೂರಲಿಕ್ಕೇ ಆಗಲಿಲ್ಲ. ಗಳಿಗೆಗೊಮ್ಮೆ ಕಂಪೌಂಡಿನ ಮೇಲೆ ತಲೆ ಹಾಕುವಳು.

“ಅಕ್ಕಾ, ಎಲ್ಲಿ ತನಕ ಬಂತು? ಭಾಯಿಸಾಬರ ಮೀಸಿ ಅದನೋ ಇಲ್ಲೋ?”

“ನಲವತ್ಮೂರು ದಾಟೇತಿ ಬಿಡವ್ವಾ, ಸುಮ್ಮನಿರು!”

ನಲವತ್ತೇಳಕ್ಕೆ ಒಂಬತ್ತು ಉಳಿಯಿತು. ಐವತ್ತಮೂರಕ್ಕೂ ಒಂಬತ್ತೇ ಉಳಿಯಿತು. ಇದೇನು ಚಮತ್ಕಾರ ಎಂದು ಒಂದು ಕ್ಷಣ ಬೆರಗಾದೆ. ಎಷ್ಟು ಹುರುಪು ಬಂದಿತ್ತೆಂದರೆ ಒಲೆಯ ಮೇಲಿಟ್ಟ ಬೇಳೆ ಹೊತ್ತಿದ ವಾಸನೆ ಬೇರೆ ಯಾರದೋ ಮನೆಯದು ಅನ್ನಿಸಿತು. ನನ್ನ ಸೊಸೆ, ನಿಮ್ಮ ಮಾವನ ಹೆಂಡತಿ, ಊರಿಗೆ ಹೋಗಿದ್ದಳು, ಇಲ್ಲದಿದ್ದರೆ ನನಗೆ ಅವತ್ತು ಪೂಜೆ ಇತ್ತು.

ಆಮೇಲೆ ಬಂದದ್ದು ಐವತ್ತೊಂಬತ್ತು.

ಐವತ್ತೊಂಬತ್ತನ್ನು ನೂರಾ ಎಪ್ಪತ್ತು ಸಲ ತೆಗೆದುಕೊಂಡರೆ ಹತ್ತು ಸಾವಿರದ ಮೂವತ್ತು. ಸ್ವಲ್ಪ ಹೆಚ್ಚಾಯಿತು. ಒಂದು ಸಲದ್ದನ್ನು ಕಳೆದೆ. ಕಾಗದದ ಮೇಲೆ ಬಂದದ್ದು 9973.

ಶೇಷ ಸೊನ್ನೆ.

ನಾನು ಪೆನ್ನು ಕೆಳಗಿಟ್ಟೆ. ಪ್ರಜ್ಞಾ, ನೀನು ನನ್ನ ಮುಖ ನೋಡಿದೆ. ಆನಂದ ಗೋಡೆಯ ಮೇಲಿನ ಫೋಟೋ ನೋಡುತ್ತ, “ಅಜ್ಜಿ, ಬಿಳಿ ಬಣ್ಣ ತರ್ಲೇನು? ತಾತನ ಮೀಸಿ ಮ್ಯಾಲ ಹಚ್ಚಾಮು” ಎಂದ. ನೀನು ಅವನ ಬೆನ್ನಿಗೆ ಗುದ್ದಿದೆ. “ಕೊಡಜ್ಜಿ, ನಾ ನೋಡ್ತೀನಿ” ಎಂದು ನೀನು ಕೈ ಚಾಚಿದೆ. ಬೇಡವೆಂದು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಫೋಟೋದ ಕಡೆ ನೋಡಲಿಲ್ಲ. ಯಾವ ಮುಖ ಇಟ್ಟುಕೊಂಡು ನೋಡಲಿ? ಆ ಮನುಷ್ಯ ನಾನು ಹೇಳಿದೆನೆಂದು ಒಂದು ಸಲವೂ ಕಾಗದದ ಮೇಲೆ ಮಾಡಿ ನೋಡಿರಲಿಲ್ಲ.

ಚಹಾ ಕುದಿಯುವಾಗ ಬಾಯಿ ತಾನಾಗಿಯೇ ಗುಣಗುಣಿಸುತ್ತಿತ್ತು. ಐವತ್ತೊಂಬತ್ತು ನೂರಾ ಅರವತ್ತೊಂಬತ್ತಲೆ. ಅದರ ಕೊನೆಗೆ ಒಂಬತ್ತು, ಇದರ ಕೊನೆಗೂ ಒಂಬತ್ತು. ಒಂಬತ್ತೊಂಬತ್ತಲೆ ಎಂಬತ್ತೊಂದು. ಹಾಗಾದರೆ ಗುಣಾಕಾರದ ಕೊನೆಗೆ ಬರಬೇಕಾದದ್ದು ಒಂದು. ನಮ್ಮ ನಂಬರಿನ ಕೊನೆಗೆ ಇರುವುದು ಮೂರು.

ಮೂರು ಹೇಗೆ ಬಂತು?

ಕಪ್ಪು ಹಿಡಿದುಕೊಂಡೇ ಓಡಿ ಬಂದೆ. ನಾನು ಓಡಿದ್ದನ್ನು ನೀವು ಮೊದಲ ಸಲ ನೋಡಿದ್ದು ಅವತ್ತೇ ಇರಬೇಕು. ಅರ್ಧ ಚಹಾ ಲಗ್ನಪತ್ರಿಕೆಯ ಮೇಲೆ ಬಿತ್ತು. ಒರೆಸಿ ನೋಡಿದರೆ, ಐವತ್ತೊಂಬತ್ತು ಕಳೆಯುವ ಬದಲು ಐವತ್ತೇಳು ಕಳೆದಿದ್ದೆ! ಸರಿಯಾಗಿ ಕಳೆದರೆ ಬರುವುದು 9971. ಉಳಿಯುವುದು ಎರಡು.

“ಎರಡು ಉಳೀತು! ಪ್ರಜ್ಞಾ, ಎರಡು ಉಳೀತವ್ವಾ!” ಎಂದು ಕೂಗಿದೆ. ಕಂಪೌಂಡಿನ ಆಚೆಯಿಂದ ಮಾಬವ್ವನೂ ಏನೆಂದು ತಿಳಿಯದೆ “ಯಾ ಅಲ್ಲಾ, ಉಳೀತು!” ಎಂದು ಕೂಗಿದಳು.

ಆಮೇಲೆ ನಿಲ್ಲಲಿಲ್ಲ. ಅರವತ್ತೊಂದಕ್ಕೆ ಮೂವತ್ತು. ಅರವತ್ತೇಳಕ್ಕೆ ಐವತ್ತೇಳು. ಎಪ್ಪತ್ತೊಂದು, ಎಪ್ಪತ್ತಮೂರು, ಎಪ್ಪತ್ತೊಂಬತ್ತು, ಒಂದೊಂದಾಗಿ ಬಂದು ಸೋತು ಹೋದವು. ಎಂಬತ್ತಮೂರಕ್ಕೆ ಹದಿಮೂರು. ಎಂಬತ್ತೊಂಬತ್ತು ಹತ್ತಿರ ಬಂದು ಹೆದರಿಸಿತು, ಬರೀ ಐದು ಉಳಿಯಿತು. ಕೊನೆಯದು ತೊಂಬತ್ತೇಳು. ನೀವಿಬ್ಬರೂ ನನ್ನ ಎರಡೂ ಭುಜಕ್ಕೆ ಒರಗಿದ್ದಿರಿ. ಆನಂದನ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ತೊಂಬತ್ತೇಳಕ್ಕೆ ಎಪ್ಪತ್ತೊಂಬತ್ತು ಉಳಿಯಿತು, ಅಂಕಿಗಳನ್ನು ತಿರುವಿ ಹಾಕಿದ ಹಾಗೆ.

ಮುಗಿಯಿತು. ಯಾವುದಕ್ಕೂ ಬಗ್ಗಲಿಲ್ಲ.

ತೊಡೆಯ ಕೆಳಗಿನ ಮೊಬೈಲು ತೆಗೆದು ಆನಂದನಿಗೆ ಕೊಟ್ಟೆ. “ಈಗ ಕೇಳು ನಿನ್ನ ಯಂತ್ರಕ್ಕ.” ಅದೂ ಹೌದೆಂದಿತು. ಅಷ್ಟೇ ಅಲ್ಲ, ಆನಂದ ಕುಣಿಯಲು ಶುರು ಮಾಡಿದ: “ಅಜ್ಜಿ, ನಾಕು ಅಂಕಿಯ ಅವಿಭಾಜ್ಯಗಳಾಗ ಇದೇ ಎಲ್ಲಕ್ಕಿಂತ ದೊಡ್ಡದಂತ! ಗಾಡಿ ನಂಬರ್ ನಾಕು ಅಂಕಿ ದಾಟಂಗಿಲ್ಲಲ್ಲ. ಅಂದ್ರ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾವ ಗಾಡಿ ಮ್ಯಾಲೂ ಇರಂಗಿಲ್ಲ! ಕಾರಿಗಿಲ್ಲ, ಬಸ್ಸಿಗಿಲ್ಲ. ತಾತನ ಮೊಪೆಡ್ಡೇ ರಾಜ!”

ನಾನು ನಂಬದೆ ಅದರಾಚೆ 9999ರ ತನಕ ಇರುವ ಬೆಸ ಸಂಖ್ಯೆಗಳನ್ನೆಲ್ಲ ಬಿಡಿಸಿ ನೋಡಿದೆ. ಎಲ್ಲವೂ ಬಗ್ಗಿದವು. 9991 ಬಹಳ ಸತಾಯಿಸಿತು. ಕಡೆಗೆ ತೊಂಬತ್ತೇಳು ನೂರಾ ಮೂರಲೆ ಎಂದು ಶರಣಾಯಿತು.

ಇನ್ನೂ ಒಂದು ಕಂಡೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಹದಿಮೂರಕ್ಕೂ ಎರಡು ಉಳಿದಿತ್ತು, ಐವತ್ತೊಂಬತ್ತಕ್ಕೂ ಎರಡು. ಯಾಕೆಂದು ನೋಡಿದರೆ, ನಮ್ಮ ಸಂಖ್ಯೆಗಿಂತ ಎರಡು ಕಡಿಮೆಯಾದ 9971 ಇದೆಯಲ್ಲ, ಅದು ಹದಿಮೂರು ಹದಿಮೂರಲೆ, ಅದನ್ನು ಮತ್ತೆ ಐವತ್ತೊಂಬತ್ತಲೆ. ಎರಡು ಮನೆ ಈಚೆಗೆ ಹದಿಮೂರಕ್ಕೂ ಐವತ್ತೊಂಬತ್ತಕ್ಕೂ ಬಗ್ಗುವವನೊಬ್ಬ, ಇಲ್ಲಿ ಬಗ್ಗದವನೊಬ್ಬ. ಒಂದೇ ಓಣಿ!

ಪ್ರಜ್ಞಾ, ಆಮೇಲೆ ನೀನು ಹೇಳಿದ್ದನ್ನು ನಾನು ಇನ್ನೂ ಚಪ್ಪರಿಸುತ್ತಿದ್ದೇನೆ. ಇಷ್ಟು ಕಾಳನ್ನು ಸಮ ಸಾಲುಗಳ ಒಂದು ಆಯತವಾಗಿ ಜೋಡಿಸಲು ಬರುವುದಿಲ್ಲ. ಆದರೆ ಎರಡು ಚೌಕ ಮಾಡಿದರೆ ಒಂದು ಕಾಳೂ ಉಳಿಯದೆ ಕೂಡುತ್ತದೆ. ಒಂದು ಚೌಕದ ಬದಿ ಎಂಬತ್ತೆರಡು, ಇನ್ನೊಂದರ ಬದಿ ಐವತ್ತೇಳು. ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವ ಅವಿಭಾಜ್ಯಗಳಿಗೆಲ್ಲ ಈ ಗುಣ ಇದೆಯಂತೆ, ಮೂರು ಉಳಿಯುವವಕ್ಕೆ ಇಲ್ಲವಂತೆ. ಅದೂ ಒಂದೇ ಒಂದು ಜೋಡಿ, ಬೇರೆ ಯಾವ ಜೋಡಿಯೂ ಹೊಂದುವುದಿಲ್ಲವಂತೆ. ಲೆಕ್ಕ ಹಾಕಿದೆ: 6724, 3249. ಕೂಡಿಸಿದೆ. ಸರಿಯಾಗಿ ಬಂತು! ಇಷ್ಟೆಲ್ಲ ಆ ತಗಡಿನ ಒಳಗೆ ಇತ್ತು. ನಾನು ಅದರ ಮೇಲೆ ಕೂಲರ್ ನಿಲ್ಲಿಸಿದ್ದೆ.

ಅವಿಭಾಜ್ಯಗಳಿಗೆ ಕೊನೆಯೇ ಇಲ್ಲ, ಎರಡನ್ನು ಎರಡರಿಂದ ಗುಣಿಸುತ್ತ ಗುಣಿಸುತ್ತ ಹೋಗಿ ಒಂದು ಕಳೆದು ಕೋಟಿಗಟ್ಟಲೆ ಅಂಕಿಯದನ್ನು ಕಂಡುಹಿಡಿದಿದ್ದಾರೆ ಎಂದೂ ಹೇಳಿದೆ. ಬರೆದರೆ ನಮ್ಮ ಮನೆಯ ಗೋಡೆಗಳು ಸಾಲುವುದಿಲ್ಲ. ಇರಲಿ, ಸಂತೋಷ. ಆದರೆ ಅದನ್ನು ಯಾವ ಮೊಪೆಡ್ಡಿಗೆ ಬರೆಸುತ್ತಾರೆ?

ಈಗ ನಿಮಗೆ ಗೊತ್ತಿಲ್ಲದ ಕೊನೆಯದು. ಮರುದಿನ ಶಾಂತಿಯ ಹತ್ತಿರ ಮುನೀಮ ಶರಣಪ್ಪನವರ ನಂಬರು ಇಸಿದುಕೊಂಡು ನಾನು ಫೋನು ಮಾಡಿದ್ದು ನಿಮಗೆ ನೆನಪಿದೆ. ನಾನು ಬಾಗಿಲ ಹಿಂದೆ ನಿಂತು ಹೂಂ, ಹೂಂ ಎಂದದ್ದನ್ನಷ್ಟೇ ನೀವು ಕೇಳಿದ್ದು. ಏನಂದರು ಎಂದು ಕೇಳಿದ್ದಕ್ಕೆ “ಸರಿ ಅಂದ್ರು” ಎಂದು ಒಳಗೆ ಹೋದೆ. ಆ ಹಿರಿಯರ ಜೊತೆ ನಾನು ಜೀವಮಾನದಲ್ಲಿ ಮಾತಾಡಿದವಳಲ್ಲ. ಅವರು ಮಿಲ್ಲಿನಿಂದ ಮನೆಗೆ ಬಂದರೆ ಒಳಗಿನಿಂದಲೇ ಚಹಾ ಕಳಿಸುತ್ತಿದ್ದೆ. ಆದರೆ ಪಣ ಅವರ ಮುಂದೆ ಕಟ್ಟಿದ್ದು, ತೀರ್ಪೂ ಅವರಿಗೆ ಮುಟ್ಟಬೇಕಲ್ಲ. ಯಾರೆಂದು ಹೇಳಿ, ನಿಮಗೆ ಕೇಳದ ಹಾಗೆ ಮೆಲ್ಲಗೆ, ಒಂದೇ ಉಸಿರಿನಲ್ಲಿ, “ಅವ್ರ ಗಾಡಿ ನಂಬರ್ ಭಾಗ ಹೋಗಂಗಿಲ್ರಿ, ನೂರರ ತನಕ ನೋಡೀನ್ರಿ, ಮೀಸಿ ಉಳೀತ್ರಿ” ಎಂದೆ.

ಆ ಕಡೆ ಬಹಳ ಹೊತ್ತು ನಗು. ಆಮೇಲೆ ಅವರು ಹೇಳಿದರು:

“ಯವ್ವಾ, ಅವತ್ತು ನಾನು ಕೇಳಿದ್ದೆ ಅವನಿಗಿ. ಏನಪಾ, ಬರೇ ಒಂದು ನಂಬರಿಗಿ ಯಾರರ ಮೀಸಿ ಇಡ್ತಾರೇನು, ಭಾಗ ಹೋದ್ರ ಏನ್ಮಾಡ್ತಿ ಅಂತ. ಅವ ಎಲ್ಲಾರ ಮುಂದ ಅಂದ: ನಂಬರ್ ನನಗೇನ್ ಗೊತ್ತದರೀ ಮುನೀಮ್ರ, ನಾ ಮೀಸಿ ಇಟ್ಟಿದ್ದು ನಂಬರಿನ ಮ್ಯಾಲಲ್ಲ. ನಮ್ಮ ಮನ್ಯಾಕಿ ನೋಡಿ ಹೇಳ್ಯಾಳ. ಅಕಿ ಮ್ಯಾಲ ಇಟ್ಟೀನಿ.”

ಮನೆಗೆ ಬಂದು ನನಗೆ ಪಣದ ಮಾತೊಂದನ್ನೇ ಹೇಳಿದ್ದರು, ಈ ಮಾತು ಹೇಳಿರಲಿಲ್ಲ. ಹಮಾಲರಿಗೆಲ್ಲ ಗೊತ್ತಿತ್ತಂತೆ, ಲಾರಿಯವರಿಗೆ ಗೊತ್ತಿತ್ತಂತೆ, ಮಾನ್ವಿಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ಅವರೂ ನನ್ನ ಹಾಗೆಯೇ ನಾಚಿಕೆಯವರು ಮಕ್ಕಳೇ, ಏನು ಮಾಡುವುದು.

ಹದಿನೇಳು ಭಾಗಾಕಾರಗಳ ಲಗ್ನಪತ್ರಿಕೆಗಳನ್ನು ಈ ಹಾಳೆಗಳ ಜೊತೆ ಪಿನ್ನು ಹಚ್ಚಿ ಇಟ್ಟಿದ್ದೇನೆ. ಜೋಪಾನ ಮಾಡಿರಿ, ನೀರು ತಾಗಿಸಬೇಡಿ, ಹುಳ ಹಿಡಿಯಲು ಬಿಡಬೇಡಿ. ಯಾರಾದರೂ ಬಂದು ಆ ನಂಬರು ಭಾಗ ಹೋಗುತ್ತದೆಂದರೆ ಜಗಳವಾಡದೆ ಕೂರಿಸಿ, ಚಹಾ ಕೊಟ್ಟು, ಲೆಕ್ಕದ ಹಾಳೆಗಳನ್ನು ತೋರಿಸಿರಿ. ಶರಣಪ್ಪನವರ ಮಾತು ಬರೆದ ಈ ಕೊನೆಯ ಹಾಳೆಯನ್ನು ಮಾತ್ರ ಯಾರಿಗೂ ತೋರಿಸಬೇಡಿ. ಅದು ನಿಮ್ಮಿಬ್ಬರ ಹತ್ತಿರವೇ ಇರಲಿ.